ರಾಣಿಯನ್ನು ತವರಿಗೆ ಕಳಿಸದ ರಾಜ

ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮೈಸೂರಿನಿಂದ ಭಾಲ್ಕಿಗೆ ಮೇಷ್ಟ್ರಾಗಿ ಹೋಗಿದ್ದ ನನಗೆ, ಅಲ್ಲಿನ ಟೆಂಟ್ ಸಿನಿಮಾದ ಮಾಲೀಕರು ಇಂಗ್ಲಿಷ್ ಚಿತ್ರದ ಕಥೆಯನ್ನು ಮೈಕಿನಲ್ಲಿ ಕನ್ನಡದಲ್ಲಿ ಹೇಳುವ ಕೆಲಸ ಅಂಟಿಸಿದರು.

ಬಂಡೆಯಿಂದ ಕತ್ತಿ ಕಿತ್ತು ಅರಸನಾದವನ ಹಳೇ ಇಂಗ್ಲಿಷ್ ದಂತಕಥೆ ಅದು. ಕತ್ತಿ ಕಿತ್ತಾಗ ಶಿಳ್ಳೆಗೆ ಟೆಂಟು ಹಾರಿಹೋಗುವುದೊಂದು ಬಾಕಿ. ಆಮೇಲೆ ರಾಣಿ, ರಾಜನ ನೆಚ್ಚಿನ ಸರದಾರನನ್ನು ಕದ್ದು ಭೇಟಿಯಾದಳು. ಹೆಂಗಸರ ಕಡೆ ನನ್ನ ಹೆಂಡತಿಯೂ ಕೂತಿದ್ದಳು. ಪ್ರಿಯಕರ ಎನ್ನಲು ನಾಲಿಗೆ ಹೊರಳದೆ, “ಇವನು ರಾಣಿಯ ಅಣ್ಣ” ಎಂದುಬಿಟ್ಟೆ.

“ಪಂಚಮಿಗಿ ತವರಿಗಿ ಕರೀಲಾಕ ಬಂದಾನೇನ್ರಿ?” ಮುಂದೆ ಕೂತ ಅಜ್ಜಿ ಕೇಳಿದಳು.

ಬದುಕಿದೆನೆಂದು, “ಹೌದ್ರಿ” ಎಂದೆ.

ಅಷ್ಟರಲ್ಲಿ ರಾಜ ರಾಣಿಯನ್ನು ಸುಡಲು ಕಟ್ಟಿಗೆ ಒಟ್ಟಿಸಿದ.

“ತವರಿಗಿ ಹೊಂಟಾಳಂತ ಸುಡ್ತಾನೇನ್ರಿ, ಈ ಭಾಡ್ಯಾ!” ಅಜ್ಜಿ ಎದ್ದು ನಿಂತಳು. ಸರದಾರ ರಾಣಿಯನ್ನು ಕುದುರೆ ಹತ್ತಿಸಿಕೊಂಡು ಹೋದಾಗ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಕಥೆಯನ್ನು ಇಂಗ್ಲಿಷರೂ ಇಷ್ಟು ಚೆನ್ನಾಗಿ ಹೇಳಿರಲಾರರು ಎಂದು ಬೀಗುತ್ತ ಮನೆಗೆ ಬಂದೆ.

ಪಂಚಮಿಗೆ ಇನ್ನೂ ಆರು ತಿಂಗಳಿತ್ತು. ಹೆಂಡತಿ ಆಗಲೇ ಟ್ರಂಕು ಎಳೆದಿದ್ದಳು.

“ನಮ್ಮಣ್ಣನಿಗೆ ಹೇಳಿಕಳಿಸಿ. ಕುದುರೆ ಬೇಡ, ರೈಲಿಗೇ ಬರಲಿ.”