ತಾತ ಬರಲಿಲ್ಲ

ಲ್ಯಾಬಿನಲ್ಲಿ ಯಾರಾದರೂ ದೆವ್ವದ ಮಾತೆತ್ತಿದರೆ ಮೊದಲು ನಗುತ್ತಿದ್ದವಳು ನಾನೇ. ಬಣ್ಣ ಬರಲಿಲ್ಲವೆಂದರೆ ದ್ರಾವಣ ಕೆಟ್ಟಿದೆ, ಇಲ್ಲವೇ ಕೈ ತಪ್ಪಿದೆ, ಬೇರೆ ಕಾರಣವೇ ಇರುವುದಿಲ್ಲ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ನೀವು ನಂಬಲೇಬೇಕೆಂದೇನಿಲ್ಲ, ನನಗೇ ಪೂರ್ತಿ ನಂಬಿಕೆಯಿಲ್ಲ.

ಹೆಬ್ಬಾಳದ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತೆಳು ಚೂರನ್ನು ಗಾಜಿನ ಸ್ಲೈಡಿಗೆ ಅಂಟಿಸಿ, ಅದರಲ್ಲಿರುವ ಒಂದು ಪ್ರೋಟೀನಿಗೆ ಬಣ್ಣ ಹಿಡಿಸುತ್ತೇವೆ. ಗಾಢ ಕಂದು ಬಂದರೆ ಕ್ಯಾನ್ಸರ್ ಮರಳುವ ಭಯ ಹೆಚ್ಚು, ಬಾರದಿದ್ದರೆ ಕಡಿಮೆ. ಆದರೆ ಬಣ್ಣವೇ ಕೈಕೊಟ್ಟಿದ್ದರೆ? ಅದಕ್ಕೇ ಪ್ರತಿ ಸ್ಲೈಡಿನ ಮೂಲೆಯಲ್ಲೂ, ಕಂದು ಬಂದೇ ಬರುವ ಹಳೆಯ ರೋಗಿಯೊಬ್ಬನ ಚೂರನ್ನೂ ಅಂಟಿಸುತ್ತೇವೆ. ಅವನು ಸತ್ತು ಎಷ್ಟೋ ವರ್ಷವಾಯಿತು. ಹೆಸರು ಗೊತ್ತಿಲ್ಲ, ನಾವೆಲ್ಲ ತಾತ ಅನ್ನುತ್ತೇವೆ. "ತಾತ ಬಂದ್ನಾ?" ಎಂದು ಕೇಳಿಕೊಂಡೇ ಸ್ಲೈಡ್ ನೋಡುವುದು ನಮ್ಮಲ್ಲಿ ವಾಡಿಕೆ. ತಾತ ಬರದಿದ್ದರೆ ರಿಪೋರ್ಟ್ ಕೊಡುವಂತಿಲ್ಲ.

ಚಿಕ್ಕಜಾಲದಲ್ಲಿರುವ ನಮ್ಮಣ್ಣನಿಗೆ ಮೂತ್ರನಾಳದಲ್ಲಿ ಗಡ್ಡೆಯಾಗಿ, ನಾಳದ ಜೊತೆಗೆ ಒಂದು ಕಿಡ್ನಿಯನ್ನೂ ತೆಗೆದಿದ್ದರು. ಕೀಮೋ ಕೊಟ್ಟರೆ ಉಳಿದ ಕಿಡ್ನಿಗೆ ಪೆಟ್ಟು ಬೀಳಬಹುದು, ಕೊಡದಿದ್ದರೆ ಕಾಯಿಲೆ ಮರಳಬಹುದು. ಡಾಕ್ಟರು ತೀರ್ಮಾನಕ್ಕೆ ಬರಲಾಗದೆ, ಈ ಪರೀಕ್ಷೆಯಿಂದ ಒಂದಿಷ್ಟು ದಾರಿ ಕಂಡೀತು ಎಂದರು. ಅಣ್ಣ ನಕ್ಕ. "ನನ್ ಅಣೇಬರ ನಿನ್ ಗಾಜ್ನಾಗೆ ಕಾಣ್ತದೇನಮ್ಮ? ಅಂಗಾರೆ ಜೋಯಿಸ್ರು ಯಾಕೆ ಬೇಕು?"

ಅಣ್ಣನ ಚೂರು ನಮ್ಮಲ್ಲಿಗೆ ಬಂದ ದಿನ ಮಧ್ಯಾಹ್ನ, ಬಣ್ಣ ಹಿಡಿಸುವ ಮೆಷಿನ್ನಿನಿಂದ ಸ್ಲೈಡುಗಳ ಟ್ರೇ ಹೊರಬಂತು. ಉಳಿದವರ ಸ್ಲೈಡುಗಳಲ್ಲೆಲ್ಲ ತಾತ ಎಂದಿನಂತೆ ಕಂದಾಗಿ ಕೂತಿದ್ದ. ಅಣ್ಣನ ಸ್ಲೈಡಿನಲ್ಲಿ ಮಾತ್ರ ಬರಲಿಲ್ಲ. ಅಣ್ಣನ ಚೂರಿನಲ್ಲೂ ಕಂದು ಬಣ್ಣದ ಸುಳಿವಿರಲಿಲ್ಲ. ನಾನು ದೇವರಲ್ಲಿ ಬೇಡಿಕೊಂಡಿದ್ದೇ ಅದನ್ನು. ಆದರೆ ತಾತನೇ ಬರದ ಮೇಲೆ ಅದನ್ನು ನಂಬುವುದು ಹೇಗೆ?

ಹೊಸ ದ್ರಾವಣ ಹಾಕಿ, ಟ್ರೇಯಲ್ಲಿ ಜಾಗ ಬದಲಿಸಿ ಮತ್ತೆ ಮಾಡಿದೆ. ಅದೇ ರಾಮಾಯಣ. ಪಕ್ಕದ ಟೇಬಲ್ಲಿನ ಶಾಹೀನ್ ಎದ್ದು ಬಂದಳು. "ಟೆನ್ಷನ್‌ನಲ್ಲಿ ಏನೋ ತಪ್ಪು ಮಾಡ್ತಿದೀಯ ಕಣೇ. ಇಲ್ ಕೊಡು, ನಾನ್ ಮಾಡ್ತೀನಿ." ಮಾಡಿದಳು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದವಳೇ, "ಯಾ ಅಲ್ಲಾ, ಇದೇನೇ ಇದು!" ಎಂದಳು. ಅವಳ ಕೈಯಲ್ಲೂ ತಾತ ಬಂದಿರಲಿಲ್ಲ.

ಅಣ್ಣನ ಗಡ್ಡೆಯೇ ಚಿಕ್ಕದು. ಮೂರು ಸಲ ಚೂರು ತೆಗೆದ ಮೇಲೆ, ಅದನ್ನು ಹುದುಗಿಸಿದ್ದ ಮೇಣದಲ್ಲಿ ಕೊಯ್ಯಲು ಇನ್ನೇನೂ ಉಳಿದಿರಲಿಲ್ಲ. ಸಿಟ್ಟು ನೆತ್ತಿಗೇರಿತು. "ಊರಿಗೆಲ್ಲ ಬರ್ತೀಯ, ನಮ್ಮಣ್ಣ ನಿಂಗೇನ್ ಮಾಡಿದ್ದ?" ಎಂದು ಸತ್ತವನ ಮೇಲೆ ಗಟ್ಟಿಯಾಗಿ ಕೂಗಾಡಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು. ಶಾಹೀನ್ ಖಾಲಿ ಸ್ಲೈಡಿನ ಮೇಲೆ ತಾತನೊಬ್ಬನನ್ನೇ ಅಂಟಿಸಿ ಮೆಷಿನ್ನಿಗೆ ಇಟ್ಟಳು. ಬಂದ, ಗಾಢ ಕಂದಾಗಿ.

ಮೆಷಿನ್ ಕಂಪನಿಯ ಎಂಜಿನಿಯರ್ ಬಂದು ಎಲ್ಲ ಬಿಚ್ಚಿ ನೋಡಿದ. "ಏನೂ ತೊಂದ್ರೆ ಇಲ್ಲ ಮೇಡಂ, ಪರ್ಫೆಕ್ಟಾಗಿದೆ" ಎಂದ. ಅವನ ಕೆನ್ನೆಗೆ ಬಾರಿಸುವಷ್ಟು ರೇಗಿತ್ತು.

ರಿಪೋರ್ಟ್ ಇಲ್ಲದೆಯೇ ಡಾಕ್ಟರು ಕೀಮೋ ಕೊಟ್ಟರು. ಕಾಯಿಲೆ ಮರಳಲಿಲ್ಲ. ಉಳಿದ ಕಿಡ್ನಿ ಮಾತ್ರ ಸೋತುಹೋಯಿತು. ಕೀಮೋ ಅವನನ್ನು ಉಳಿಸಿತೋ, ಬೇಡದ ಕೀಮೋ ಕಿಡ್ನಿಯನ್ನು ತಿಂದಿತೋ, ಹೇಳಬಹುದಾಗಿದ್ದದ್ದು ಆ ಚೂರು ಮಾತ್ರ.

ತಾತ ಈಗಲೂ ದಿನಾ ಬರುತ್ತಾನೆ. ಇವತ್ತೂ ಬಂದಿದ್ದ. ಎಷ್ಟೋ ಅಪರಿಚಿತರಿಗೆ ಅವನ ಸಾಕ್ಷಿ ಹಿಡಿದು ರಿಪೋರ್ಟ್ ಬರೆಯುತ್ತೇನೆ. ಆಮೇಲೆ ಅಣ್ಣನನ್ನು ಯಲಹಂಕಕ್ಕೆ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ. ಸೂಜಿ ಚುಚ್ಚಿದಾಗಲೆಲ್ಲ ಅವನು ಕೇಳುವುದು ಒಂದೇ: "ಆ ಔಸ್ದಿ ಬೇಕಿತ್ತೇನಮ್ಮ ನಂಗೆ?"

"ಸುಮ್ನೆ ಮಲಕ್ಕೊ ಅಣ್ಣ" ಅನ್ನುತ್ತೇನೆ.