ಗೋವೆಗೆ ಹೊರಟ ಟ್ರಂಕು

ಕೆಮ್ಮಣ್ಣಿನ ಟೈಲರ್ ಸ್ಟ್ಯಾನಿಸ್ಲಾಸ್ ಮದುವೆಯಾದ ಮೇಲೆ ಹೆಂಡತಿಯನ್ನು ದೂರ ಕರೆದುಕೊಂಡು ಹೋದದ್ದೆಂದರೆ ಕಾರ್ಕಳದ ಅತ್ತೂರು ಇಗರ್ಜಿಗೆ ಮಾತ್ರ. ಅದೂ ಬೆಳಿಗ್ಗೆ ಹೋಗಿ ಸಂಜೆ ವಾಪಸು. ಅಂಥವನು ಎಪ್ಪತ್ನಾಲ್ಕರ ದೀಪಾವಳಿ ಕಳೆದದ್ದೇ, ಊಟಕ್ಕೆ ಕುಳಿತಲ್ಲಿ ಒಂದು ಮಾತು ತೆಗೆದ.

"ಝೀಟಾ, ಗೋವೆಗೆ ಹೋಗುವ. ಈ ವರ್ಷ ಸಂತ ಸೇವಿಯರರ ಶರೀರ ದರ್ಶನಕ್ಕೆ ಇಡ್ತಾರಲ್ಲ. ಒಂದು ತಿಂಗಳು ಇದ್ದು, ಹಳೇ ಇಗರ್ಜಿಗಳನ್ನೆಲ್ಲ ನಿಧಾನಕ್ಕೆ ನೋಡಿ ಬರುವ."

ಬೇರೆ ಹೆಂಗಸಾಗಿದ್ದರೆ ಕುಣಿದಾಡುತ್ತಿದ್ದಳು. ಝೀಟಾಳ ತುತ್ತು ಕೈಯಲ್ಲೇ ಉಳಿಯಿತು. ಅವಳೇನೂ ಪುಕ್ಕಲಿಯಲ್ಲ. ಹೊಳೆ ಉಕ್ಕಿದ ವರ್ಷ ಎದೆಮಟ್ಟದ ನೀರಿಗಿಳಿದು ನೆರೆಮನೆಯ ಆಡನ್ನು ಎಳೆದು ತಂದವಳು. ಆದರೆ ಹಿಂದಿನ ತಿಂಗಳು ಹೊಟ್ಟೆನೋವೆಂದು ಮಣಿಪಾಲದ ಆಸ್ಪತ್ರೆಗೆ ಹೋಗಿದ್ದರು. ಪರೀಕ್ಷೆ ಮುಗಿದ ಮೇಲೆ ಗಂಡ ಅವಳನ್ನು ಬೆಂಚಿನಲ್ಲಿ ಕೂರಿಸಿ, "ಈಗ ಬಂದೆ" ಎಂದು ಒಳಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಎಂತ ಹೇಳಿದರು?"

"ಎಂತ ಇಲ್ಲ. ಬರೀ ವಾಯು."

ವಾಯುವಿಗೆ ಯಾರ ಮುಖವಾದರೂ ಹಾಗೆ ಬಿಳಚಿಕೊಳ್ಳುತ್ತದೆಯೇ? ಆ ಕಾಲದ ಡಾಕ್ಟರರು ಹೆಂಗಸಿನ ದೊಡ್ಡ ರೋಗವನ್ನು ಹೆಂಗಸಿಗೆ ಹೇಳುತ್ತಿರಲಿಲ್ಲ, ಗಂಡನನ್ನು ಕರೆದು ಹೇಳುತ್ತಿದ್ದರು. ಹೊಟ್ಟೆ ಅವಳದ್ದು, ಸುದ್ದಿ ಮಾತ್ರ ಅವನದ್ದು.

ನೆರೆಮನೆಯ ಬರ್ತಾಳ ಬಾಯಿಗಂತೂ ಬೀಗವಿಲ್ಲ. "ನನ್ನ ನಾದಿನಿಗೂ ಹೀಗೇ. ಗಂಡ ಇದ್ದಕ್ಕಿದ್ದ ಹಾಗೆ ಬೊಂಬಾಯಿ ತೋರಿಸಿದ. ಈಸ್ಟರಿಗೆ ಮೊದಲೇ ಅವಳನ್ನು ಮಣ್ಣು ಮಾಡಿ ಆಯಿತು. ನೀನು ಹೆದರಬೇಡ ಮಾರಾಯ್ತಿ" ಎಂದಳು. ಹೆದರುವವರ ಮೇಲೆ ಹಾವು ಎಸೆಯುವುದೆಂದರೆ ಇದೇ.

ಅಂದಿನಿಂದ ಝೀಟಾಳಿಗೆ ಎಲ್ಲದರಲ್ಲೂ ಸಾವೇ ಕಂಡಿತು. ಸ್ಟ್ಯಾನಿಸ್ಲಾಸ್ ಹೊಲಿಗೆ ಬಿಟ್ಟು ಅವಳನ್ನೇ ನೋಡುತ್ತಿದ್ದ. ಮೀನು ಕೊಯ್ಯುವಾಗ, ತಲೆ ಬಾಚುವಾಗ, ತೀರ ಹತ್ತಿರ ಬಂದು ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು ಮನೆಯವರು ಹೆಣವನ್ನು ನೋಡುತ್ತಾರಲ್ಲ, ಹಾಗೆ. ಅವಳು ಮುಖ ಅತ್ತ ತಿರುಗಿಸಿಬಿಡುತ್ತಿದ್ದಳು. ಸೂಜಿಗೆ ನೂಲು ಪೋಣಿಸಲು ಕರೆದರೆ, ಹತ್ತಿರ ಕೂರಿಸಿಕೊಳ್ಳಲು ನೆವ ಎಂದುಕೊಂಡಳು. ಅವನು ಅಂಗಳದ ಮೆಟ್ಟಿಲಲ್ಲಿ ಎಡವಿದರೆ, ಪಾಪ, ನನ್ನದೇ ಚಿಂತೆ ಎಂದುಕೊಂಡಳು.

ಅವನ ಯೋಜನೆ ಮಾತ್ರ ದಿನದಿನಕ್ಕೆ ಬೆಳೆಯಿತು. ಪಣಜಿಯಲ್ಲಿದ್ದ ನೆಂಟ ಜೋಕಿಮ್ ನದಿಯ ಬದಿಗೆ ಕೋಣೆ ಗೊತ್ತು ಮಾಡಿದ್ದ. ದಿನಕ್ಕೊಂದು ಇಗರ್ಜಿ ಸಾಕು, ಸಂಜೆ ದಡದಲ್ಲಿ ಕುಳಿತು ದೋಣಿ ನೋಡುವುದು, ಅವಸರವೇ ಬೇಡ. ಅವನು ಹೀಗೆ ಹೇಳಿದಷ್ಟೂ ಇವಳು ಹೋಗದಿರಲು ನೆವ ಹುಡುಕುತ್ತಿದ್ದಳು.

"ಕೋಳಿಗಳನ್ನು ಯಾರು ನೋಡುವುದು?"

"ಬರ್ತಾ ನೋಡ್ತಾಳೆ."

"ಬರುವ ವರ್ಷ ಹೋದರಾಗದಾ?"

"ಬರುವ ವರ್ಷ ಆಗುವುದಿಲ್ಲ" ಎಂದ ಅವನು. ಯಾಕೆ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವಳು ಟ್ರಂಕಿನ ಅಡಿಯಲ್ಲಿ ಸಾಡೊ ಇಟ್ಟಳು. ಸಾಡೊ ಎಂದರೆ ಮದುವೆಯಲ್ಲಿ ಗಂಡಿನ ಕಡೆಯವರು ಉಡಿಸುವ ಕೆಂಪು ಜರಿಸೀರೆ. ಝೀಟಾಳ ತವರಿನ ಹೆಂಗಸರು ಮಣ್ಣಿಗೆ ಹೋಗುವುದೂ ಅದನ್ನು ಉಟ್ಟೇ. ತನ್ನ ಅಂಗಿಗಳನ್ನು ಇಡಲು ಬಂದ ಸ್ಟ್ಯಾನಿಸ್ಲಾಸ್ ಟ್ರಂಕಿನೊಳಗೆ ಕೈಯಾಡಿಸಿದ. ಟೈಲರನ ಬೆರಳು ಜರಿಯನ್ನು ಮುಟ್ಟಿಯೇ ಗುರುತಿಸಿತು.

"ಸಾಡೊ ಎಂತಕ್ಕೆ?"

"ಅಲ್ಲಿಯೇ ನನ್ನ ಜೀವ ಹೋದರೆ ಊರಿನಿಂದ ಯಾರು ತರುವುದು?" ಎಂದಳು, ಅಳು ತಡೆಯಲಾಗಲಿಲ್ಲ. "ಡಾಕ್ಟರ್ ಹೇಳಿದ್ದನ್ನು ನೀವು ಮುಚ್ಚಿಟ್ಟದ್ದು ನನಗೆ ಗೊತ್ತುಂಟು. ಇನ್ನೆಷ್ಟು ದಿನ? ಹೇಳಿಬಿಡಿ."

ಅವನು ಮಂಚದ ಮೇಲೆ ಕುಸಿದು ಕುಳಿತ. "ನಿನಗೆ ವಾಯುವೇ ಮಾರಾಯ್ತಿ, ದೇವರಾಣೆ."

"ಮತ್ತೆ ಅಷ್ಟು ಹೊತ್ತು ಒಳಗೆ ಎಂತ ಮಾಡಿದಿರಿ?"

"ನಾನು ಹೋದದ್ದು ಕಣ್ಣಿನ ಡಾಕ್ಟರರ ಹತ್ತಿರ. ಕನ್ನಡಕ ಬದಲಿಸಿ ಕೊಡ್ತಾರೆ ಅಂತ ಹೋದೆ. ಎರಡೂ ಕಣ್ಣು ಹೋಗ್ತದೆ ಅಂದರು. ಈಗಲೇ ಬದಿಯಿಂದ ಕತ್ತಲೆ ಬರ್ತಾ ಉಂಟು. ಅದಕ್ಕೇ ಗೋವೆ. ನಿನ್ನ ಜೊತೆ ಒಂದಷ್ಟು ನೋಡಿ ಇಟ್ಟುಕೊಳ್ಳುವ ಅಂತ."

ತಾನು ಸಾಯುವುದಿಲ್ಲ ಎಂದು ಝೀಟಾಳಿಗೆ ಮೊದಲು ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಬೆನ್ನಿಗೇ ಭಯ ಮರಳಿ ಬಂತು, ಮೊದಲಿನದಕ್ಕಿಂತ ದೊಡ್ಡದು. ಕಣ್ಣಿಲ್ಲದ ಟೈಲರ್ ಇನ್ನು ಬದುಕುವುದು ಹೇಗೆ? ಅವಳು ಸಾಡೊ ಹೊರತೆಗೆಯಲು ಕೈ ಹಾಕಿದಳು.

"ಇರಲಿ, ತೆಗೆಯಬೇಡ" ಎಂದ ಅವನು. "ಮದುವೆಯ ದಿನ ನೀನು ತಲೆಯೇ ಎತ್ತಲಿಲ್ಲ. ಅಲ್ಲಿ ಒಮ್ಮೆ ಉಡು."

ಝೀಟಾ ಎದ್ದು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಬೆಳಕಿಗೆ ಎದುರಾಗಿ ಅವನ ಮುಂದೆ ಬಂದು ಕುಳಿತಳು. ಅವನು ತೀರ ಹತ್ತಿರ ಬಗ್ಗಿ, ಹುಬ್ಬು ಗಂಟಿಕ್ಕಿ ನೋಡಿದ. ಈ ಸಲ ಅವಳು ಮುಖ ತಿರುಗಿಸಲಿಲ್ಲ.