ಕಾಶಕ್ಕನ ಮೀನಿನ ಸ್ಟ್ಯಾಂಡು

ಗಂಡನ ಹೆಸರನ್ನು ಬಾಯಿಂದ ಹೇಳಬಾರದು ಎಂದು ನನಗೆ ತಾಕೀತು ಮಾಡಿದವಳು ಕಾಶಕ್ಕ. ಬರೆಯಬಾರದು ಎಂದು ಆಕೆ ಹೇಳಿರಲಿಲ್ಲ. ಆದ್ದರಿಂದ ಬರೆಯುತ್ತೇನೆ: ನಮ್ಮವರ ಹೆಸರು ತ್ರ್ಯಂಬಕ, ಧಾರವಾಡದ ಕಲೆಕ್ಟರ ಕಚೇರಿಯಲ್ಲಿ ಕಾರಕೂನರು. ಕಾಶೀಬಾಯಿ ಅವರ ಅಕ್ಕ. ಮಾಳಮಡ್ಡಿಯ ನಮ್ಮ ಮನೆಯಿಂದ ದಿನಾ ಕಚೇರಿಗೆ ಹೋಗುತ್ತಿದ್ದವರು ಅವರು, ಮನೆಯಲ್ಲಿ ಕೂತು ಸಾಹೇಬಗಿರಿ ನಡೆಸುತ್ತಿದ್ದವಳು ಆಕೆ.

ಹದಿನಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಬಂದ ವರ್ಷವೇ ತಾಯಿಯೂ ತೀರಿಕೊಂಡದ್ದರಿಂದ ಪುಟ್ಟ ತಮ್ಮ ಆಕೆಯ ಮಡಿಲಿಗೆ ಬಿದ್ದ. ಅವನಿಗೆ ಉಣಿಸಿ, ಸಾಲೆಗೆ ಕಳಿಸಿ, ಕಡೆಗೆ ನನ್ನನ್ನು ನೋಡಿ ಒಪ್ಪಿ ತಂದವಳೂ ಆಕೆಯೇ. ನೋಡಲು ಬಂದ ದಿನ, "ಹುಡುಗಿ ಮಾರಿ ಸುಮಾರದ, ಕೈ ಛಲೋ ಅವ" ಎಂದಿದ್ದಳಂತೆ. ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಕೈ ಛಲೋ ಇದ್ದದ್ದು ನಿಜ, ಅದು ಬೇರೆ ಮಾತು.

ತಲೆ ಬೋಳಿಸಿ, ಕೆಂಪು ಸೀರೆ ಹೊದೆಸಿ, ಕನ್ನಡಿ ಕಸಿದುಕೊಂಡಿದ್ದ ಜನ ಆಕೆಯ ನಾಲಗೆಯನ್ನು ಮಾತ್ರ ಹಾಗೇ ಬಿಟ್ಟಿದ್ದರು. ಕಸಿದುಕೊಂಡದ್ದಕ್ಕೆಲ್ಲ ಆಕೆ ಅದರಿಂದಲೇ ಸೇಡು ತೀರಿಸಿಕೊಳ್ಳುತ್ತಿದ್ದಳು. ಆದರೆ ಒಂದು ವಿಷಯದಲ್ಲಿ ಮಾತ್ರ ಬಾಯಿ ತೆರೆದವಳಲ್ಲ. ಗಂಡ ಸತ್ತ ತಿಂಗಳು ಆಕೆಯ ಮಾವ ಎಲ್ಲರೆದುರು, "ಇನ್ನ ನಿನಗ ಖುರ್ಚಿ ಇಲ್ಲ, ಮಂಚ ಇಲ್ಲ, ಬಾಕ ಇಲ್ಲ. ನೆಲಾನೇ ನಿನ್ನ ಜಾಗಾ" ಎಂದಿದ್ದ. ಬಾಕ ಎಂದರೆ ನಮ್ಮ ಕಡೆ ಕೂರುವ ಬೆಂಚು. ಆ ಪುಣ್ಯಾತ್ಮ ಸತ್ತು ಎಷ್ಟೋ ವರ್ಷವಾಗಿತ್ತು. ಕಾಶಕ್ಕ ಮಾತ್ರ ಮಣೆಗಿಂತ ಎತ್ತರದ ಯಾವುದರ ಮೇಲೂ ಕೂತಿರಲಿಲ್ಲ. ಅಡಿಗೆ ನೆಲದ ಮೇಲೆ, ಊಟ ನೆಲದ ಮೇಲೆ, ಮಲಗುವುದು ನೆಲದ ಮೇಲೆ ಹಾಸಿದ ಕಂಬಳಿಯ ತುಂಡಿನ ಮೇಲೆ. ಐವತ್ತು ದಾಟುವ ಹೊತ್ತಿಗೆ ಧಾರವಾಡದ ಥಂಡಿ ನೆಲ ಆಕೆಯ ಮೊಣಕಾಲುಗಳನ್ನು ತಿಂದು ಹಾಕಿತ್ತು. ಏಳಬೇಕಾದರೆ ಕಂಬ ಹಿಡಿಯಬೇಕು, "ನಾರಾಯಣಾ" ಎನ್ನಬೇಕು, ಅರ್ಧಕ್ಕೆ ನಿಂತು ದಣಿವಾರಿಸಿಕೊಳ್ಳಬೇಕು.

ಮೂವತ್ತಾರನೆಯ ಇಸವಿಯ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಕೆಗೆ ಏಳಲಿಕ್ಕೇ ಆಗಲಿಲ್ಲ. ಯಾರನ್ನೂ ಕರೆಯಲಿಲ್ಲ. ಅಂಗೈ ಊರಿ ಅಂಬೆಗಾಲಿನಲ್ಲಿ ಅಡಿಗೆಮನೆಗೆ ಹೊರಟಿದ್ದಳು. ನಮ್ಮವರು ಹಲ್ಲುಜ್ಜಿ ಒಳಗೆ ಬರುತ್ತಿದ್ದವರು ಅದನ್ನು ನೋಡಿಬಿಟ್ಟರು. ತಿರುಗಿ ಬಾವಿಯ ಹಿಂದೆ ಹೋಗಿ ಹಸುಗೂಸಿನಂತೆ ಅತ್ತರು.

ಡಾಕ್ಟರು ಬಂದು ನೋಡಿ, "ನೆಲಕ್ಕ ಕೂಡೂದು ಬಿಡಸ್ರಿ. ಇಲ್ಲಾಂದ್ರ ಒಂದು ವರ್ಷದಾಗ ಹಾಸಗಿ ಹಿಡೀತಾರ" ಎಂದು ಸ್ಪಷ್ಟವಾಗಿ ಹೇಳಿದರು. ಅಂದೇ ಸಂಜೆ ನಮ್ಮವರು ಬೆತ್ತದ ಖುರ್ಚಿ ಹೊತ್ತು ತಂದರು. ಕಾಶಕ್ಕ ಅದನ್ನು ಸುತ್ತೂ ನೋಡಿ, ಚೆನ್ನಾಗಿ ಒರೆಸಿ, ಅದರ ಮೇಲೆ ಉಪ್ಪಿನಕಾಯಿಯ ಭರಣಿ ಇಟ್ಟಳು.

"ಅಕ್ಕಾ, ಅದು ನಿನಗ ತಂದೇನಿ."

"ಖುರ್ಚಿ ಸಾಹೇಬರಿಗೆ, ಮಂಚ ಮುತ್ತೈದೇರಿಗೆ. ನಾ ಯಾವಾಕಿ? ಭರಣಿ ಕೂಡಲಿ ಬಿಡು, ಅದಕ್ಕೂ ವಯಸ್ಸಾಗೇದ."

ನಮ್ಮವರು ಬೇಡಿಕೊಂಡರು, ಜಗಳಾಡಿದರು, ಒಂದು ಹೊತ್ತು ಊಟ ಬಿಟ್ಟರು. ಆಕೆ ಎರಡು ಹೊತ್ತು ಬಿಟ್ಟಳು. ಉಪವಾಸದಲ್ಲಿ ಆಕೆಯ ಜೊತೆ ಪಂದ್ಯ ಕಟ್ಟುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಸೋತು ಸುಮ್ಮನಾದರು, ಆದರೆ ಆ ಚಿಂತೆ ಅವರನ್ನು ಬಿಡಲಿಲ್ಲ.

ಇನ್ನು ಮೀನಿನ ವಿಷಯ. ಮಿಶನ್ ಸಾಲೆಯ ಬೆಂಜಮಿನ್ ಮಾಸ್ತರರು ನಮ್ಮವರ ಗೆಳೆಯರು, ಸಂಜೆಯ ತಿರುಗಾಟದ ಜೋಡಿ. ಅವರ ಮನೆಯಲ್ಲಿ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿ, ಅದರೊಳಗೆ ಮೀನು. ನಮ್ಮವರು ಅದರ ಮುಂದೆ ಕೂತರೆ ಊಟದ ನೆನಪೂ ಇರುತ್ತಿರಲಿಲ್ಲ. ದಿನವಿಡೀ ಕಚೇರಿಯಲ್ಲಿ ಬೈಸಿಕೊಂಡು ಬರುವವರಿಗೆ, ಎಷ್ಟು ಸಲ ಬಾಯಿ ತೆರೆದರೂ ಶಬ್ದ ಹೊರಡಿಸದ ಪ್ರಾಣಿ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಜೀವನದಲ್ಲಿ ತಮಗಾಗಿ ಅವರು ಆಸೆಪಟ್ಟದ್ದು ಅದೊಂದೇ. ಮಾಸ್ತರರು ಇನ್ನೊಂದು ತೊಟ್ಟಿ ತರಿಸಿದಾಗ ಹಳೆಯದನ್ನು ಇವರಿಗೆ ಕೊಡಲು ಒಪ್ಪಿದರು.

"ಆದರ ಒಂದು ಮಾತು, ರಾಯರ. ನೀರು ಭಾಳ ಭಾರ. ಸ್ಟ್ಯಾಂಡ ಗಟ್ಟಿ ಇರಬೇಕು. ಒಂಚೂರು ಅಲಗಾಡಿದ್ರೂ ಗಾಜು ಸೀಳತೈತಿ."

ಮನೆಗೆ ಮೀನು ಬರುತ್ತದೆಂದು ಕಾಶಕ್ಕನಿಗೆ ಹೇಳುವವರಾರು? ನನ್ನನ್ನು ಮುಂದೆ ಮಾಡಿದರು. ಆಕೆ ಬಸಳೆ ಸೋಸುತ್ತಿದ್ದವಳು ತಲೆ ಎತ್ತದೆಯೇ ತೀರ್ಪು ಕೊಟ್ಟಳು: "ದೇವರು ಮೊದಲನೇ ಅವತಾರ ಮೀನಿಂದನೇ ತಗೊಂಡಾನ. ಬೇಯಿಸಿದ್ರ ಪಾಪ, ನೋಡಿದ್ರೇನಾತು? ನನ್ನ ಮಡಿನೀರಿನ ಕೊಡಾ ಮುಟ್ಟಬ್ಯಾಡ್ರಿ. ಮತ್ತ ಆ ಬಡಿಗೇರು ಹಚ್ಚೋ ಸರೇಸು ಮನ್ಯಾಗ ತರಬ್ಯಾಡ್ರಿ. ಅದು ದನದ ಚರ್ಮಾ ಕುದಿಸಿ ಮಾಡಿದ್ದು."

ಸರೇಸಿಲ್ಲದೆ ಮರಕ್ಕೆ ಮರ ಹೇಗೆ ಅಂಟಬೇಕು? ನಮ್ಮವರು ಅದಕ್ಕೂ ಹೆದರಲಿಲ್ಲ. ಬಡಿಗ ರಸೂಲಸಾಬನಿಂದ ಗರಗಸ, ಉಳಿ, ಕೊಡತಿ ಕಡ ತಂದರು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಕೊಟ್ಟಿಗೆಯ ಸಾಗವಾನಿ ತೊಲೆಗಳನ್ನು ಕೊಯ್ದರು. ನವರಾತ್ರಿಗೆ ಹಿಡಿದ ಕೆಲಸ ದೀಪಾವಳಿಗೂ ಮುಗಿಯಲಿಲ್ಲ. ನಾಲ್ಕು ಕಾಲು, ಪ್ರತಿಯೊಂದೂ ನನ್ನ ತೋಳಿಗಿಂತ ದಪ್ಪ. ಕಾಲಿನಲ್ಲಿ ಚೌಕ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದಕ್ಕಿಂತ ಕೂದಲೆಳೆಯಷ್ಟೇ ದಪ್ಪ ಇಟ್ಟು ಕೊಡತಿಯಿಂದ ಬಡಿದು ಕೂರಿಸುವುದು. ಆಮೇಲೆ ಎರಡಕ್ಕೂ ಕೂಡಿಸಿ ಒಂದು ಮರದ ಗೂಟ ಹೊಡೆಯುವುದು. ಸರೇಸೂ ಇಲ್ಲ, ಮೊಳೆಯೂ ಇಲ್ಲ. ಹೊಡೆತ ಅರ್ಧ ಗೂಟಕ್ಕೆ, ಅರ್ಧ ಅವರ ಹೆಬ್ಬೆರಳಿಗೆ. ಆ ತಿಂಗಳು ಕಚೇರಿಯಲ್ಲಿ ಲೇಖನಿ ಹೇಗೆ ಹಿಡಿದರೋ ದೇವರಿಗೇ ಗೊತ್ತು.

ಎತ್ತರದ ಅಳತೆಗೆ ನಾನೇ ಸಾಕ್ಷಿ. ಮೀನು ಕಣ್ಣಿಗೆ ಸರಿಯಾಗಿ ಬರಬೇಕು ಎಂದು ಮಾಸ್ತರರು ಹೇಳಿದ್ದರು. ನಮ್ಮವರು ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣಿನ ಮಟ್ಟಕ್ಕೆ ನನ್ನಿಂದ ದಾರ ಹಿಡಿಸಿ, ತೊಟ್ಟಿಯ ಅರ್ಧ ಎತ್ತರ ಕಳೆದು ಗುರುತು ಹಾಕಿದರು. ನನಗಾಗಲಿ ಕಾಶಕ್ಕನಿಗಾಗಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಾವು ಉಣ್ಣುವುದು, ಬರೆಯುವುದು, ಹರಟುವುದು ಎಲ್ಲ ನೆಲದ ಮೇಲೆ. ನೋಡುವುದು ಮಾತ್ರ ನಿಂತು ನೋಡುತ್ತೇವೆಯೇ?

ಕೆಲಸ ಮುಗಿದ ದಿನ ಸಂಜೆ ಬೆಂಜಮಿನ್ ಮಾಸ್ತರರು ಬಂದು ನೋಡಿದವರೇ ನಕ್ಕುಬಿಟ್ಟರು. ಸ್ಟ್ಯಾಂಡು ಅವರ ಮೊಣಕಾಲಿಗಿಂತ ಒಂದು ಗೇಣೂ ಮೇಲೆ ಬಂದಿರಲಿಲ್ಲ.

"ರಾಯರ, ಇದೇನು ಮಾಡೀರಿ? ನನ್ನ ಮನ್ಯಾಗ ಎದಿಮಟ ಐತಿ. ಇದರ ಮ್ಯಾಲಿನ ಮೀನು ನೋಡಬೇಕಂದ್ರ ನಾ ಮಂಡಿ ಊರಬೇಕು."

"ನೀವು ನಿಂತು ನೋಡತೀರಿ. ನಾವು ಕೂತು ನೋಡೂ ಮಂದಿ" ಎಂದರು ನಮ್ಮವರು. ತಪ್ಪು ಒಪ್ಪಿಕೊಳ್ಳುವುದು ಅವರ ವಂಶದಲ್ಲೇ ಇಲ್ಲ.

ಮಾಸ್ತರರು ಬಗ್ಗಿ ಒಂದೊಂದು ಸಂದಿಯನ್ನೂ ಬೆರಳಿಂದ ತಡವಿದರು. "ಗಿಡ್ಡ ಆದರ ಆಗಲಿ, ಗಟ್ಟಿ ಇದ್ರ ಸಾಕು. ಆದರ ಸರೇಸು ಹಚ್ಚಿಲ್ಲಲಾ. ಬರೇ ಗೂಟದ ಮ್ಯಾಲ ಅಷ್ಟು ನೀರು ತಡೀತೈತೇನು? ತುಂಬಿದ ತೊಟ್ಟಿ ಅಂದ್ರ ಮೂರು ಆಳಿನ ಭಾರ."

ಪರೀಕ್ಷೆ ಮಾಡಿಯೇ ಬಿಡೋಣವೆಂದು ಇಬ್ಬರೂ ಸೇರಿ ಜೋಳದ ಚೀಲವೊಂದನ್ನು ಎಳೆದು ತಂದು ಸ್ಟ್ಯಾಂಡಿನ ಒಂದು ತುದಿಗೆ ಏರಿಸಿದರು. ಅದು ಇಬ್ಬರ ಭಾರ. ಇನ್ನೊಂದು ತುದಿಗೆ ಒಬ್ಬರು ಕೂತರೆ ಲೆಕ್ಕ ಸರಿ. ನಮ್ಮವರು ಧೋತರ ಸರಿಮಾಡಿಕೊಂಡು ಕೂರಲು ಹೊರಟರು.

"ತ್ರ್ಯಂಬಕಾ, ನಿಂದರು."

ಕಾಶಕ್ಕ ಅಡಿಗೆಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಸರೇಸು ಬ್ಯಾಡ ಅಂದಾಕಿ ನಾ. ನನ್ನ ಮಡೀ ಸಲುವಾಗಿ ಮುರಿಯೂದಿದ್ರ ನಾ ಬೀಳಬೇಕು, ನೀ ಯಾಕ ಬೀಳತೀ? ಸರಿ ಆಚಿಗೆ."

ಗೋಡೆ ಹಿಡಿದು, ಆಮೇಲೆ ಕಂಬ ಹಿಡಿದು ಬಂದು ಸ್ಟ್ಯಾಂಡಿನ ಮುಂದೆ ನಿಂತಳು. ಅಲ್ಲಿ ತಡೆದಳು. ಆಗ ನಮ್ಮವರ ಮುಖ ನೋಡಿದೆ. ಉಸಿರು ಬಿಗಿಹಿಡಿದಿದ್ದರು. ಕೂಡು ಅಕ್ಕಾ ಎಂದು ಒಂದು ಮಾತು ಹೊರಬಿದ್ದರೂ ಆಕೆ ಹಿಂದೆ ಸರಿಯುತ್ತಾಳೆಂದು ಅವರಿಗೆ ಗೊತ್ತಿತ್ತು.

"ಇದು ಖುರ್ಚಿ ಅಲ್ಲಲಾ?" ಎಂದಳು.

"ಅಲ್ಲ."

"ಮಂಚ?"

"ಅಲ್ಲ."

"ಬಾಕ?"

"ಅಲ್ಲ ಅಕ್ಕಾ. ಮೀನಿನ ಸ್ಟ್ಯಾಂಡು."

"ಮೀನಿನ ಸ್ಟ್ಯಾಂಡ ಮ್ಯಾಲ ಕೂಡಬಾರದು ಅಂತ ನನಗ ಯಾರೂ ಹೇಳಿಲ್ಲ" ಎಂದು ಸೆರಗು ಬಿಗಿದು ಕೂತಳು.

ಸ್ಟ್ಯಾಂಡು ಕಿರ್ ಎನ್ನಲಿಲ್ಲ. ಅದರ ಕಡೆ ಯಾರ ಗಮನವೂ ಇರಲಿಲ್ಲವೆನ್ನಿ. ಕಾಶಕ್ಕನ ಪಾದಗಳು ನೆಲದ ಮೇಲೆ ಚಪ್ಪಟೆಯಾಗಿ ಊರಿಕೊಂಡಿದ್ದವು. ಮಡಚಿ ಮಡಚಿ ಸವೆದ ಮೊಣಕಾಲುಗಳು ಸುಮ್ಮನೆ ಇಳಿಬಿದ್ದಿದ್ದವು. ಆಕೆ ಅವುಗಳ ಮೇಲೆ ಕೈ ಇಟ್ಟುಕೊಂಡು ಎದುರಿನ ಗೋಡೆ ನೋಡುತ್ತಿದ್ದಳು. ಆಮೇಲೆ ಎದ್ದಳು. ಕಂಬ ಹಿಡಿಯದೆ, ದೇವರನ್ನು ಕೂಗದೆ, ಎದ್ದೇ ಬಿಟ್ಟಳು. ಎದ್ದದ್ದು ಆಕೆಗೇ ನಂಬಿಕೆಯಾಗಲಿಲ್ಲ.

"ಒಮ್ಮೆ ಕೂತ್ರ ಪರೀಕ್ಷಾ ಆದಂಗಲ್ಲ" ಎಂದು ಮತ್ತೆ ಕೂತಳು.

ಬೆಂಜಮಿನ್ ಮಾಸ್ತರರು ನಮ್ಮವರನ್ನು ನೋಡಿದರು, ನನ್ನನ್ನು ನೋಡಿದರು. ಬಹಳ ಗಂಭೀರವಾಗಿ, "ಖರೇ, ಬಾಯಾರ. ಭಾರ ದಿನಾ ಇಟ್ಟು ನೋಡಬೇಕಾಕ್ಕೈತಿ. ಒಂದು ದಿನದಾಗ ತಿಳಿಯೂದಿಲ್ಲ" ಎಂದರು. ಆ ಮನುಷ್ಯನ ಹೊಟ್ಟೆ ತಣ್ಣಗಿರಲಿ.

ಹೀಗೆ ಪರೀಕ್ಷೆ ಶುರುವಾಯಿತು. ಬೆಳಿಗ್ಗೆ ಜಪಕ್ಕೆ ಪರೀಕ್ಷೆ, ಮಧ್ಯಾಹ್ನ ಅಕ್ಕಿ ಆರಿಸಲು ಪರೀಕ್ಷೆ, ಸಂಜೆ ಸುಮ್ಮನೆ ಕೂರಲು ಪರೀಕ್ಷೆ. ಸಂಕ್ರಾಂತಿ ಬರುವಷ್ಟರಲ್ಲಿ ಆಕೆ ಗೋಡೆ ಹಿಡಿಯದೆ ಬಾವಿಯ ತನಕ ನಡೆಯುತ್ತಿದ್ದಳು. ಹಾಸಿಗೆ ಹಿಡಿಯುತ್ತಾಳೆಂದ ಡಾಕ್ಟರ ಮಾತು ಸುಳ್ಳಾಯಿತೆಂದು ನಮ್ಮವರು ಊರ ತುಂಬ ಹೇಳಿಕೊಂಡು ಬಂದರು.

ತೊಟ್ಟಿ ಮಾತ್ರ ಮಾಸ್ತರರ ಮನೆಯಲ್ಲೇ ಉಳಿಯಿತು. ಸಂಜೆ ಅಲ್ಲಿಗೆ ಹೋಗಿ ಮೀನು ನೋಡಿ ಬರುತ್ತಿದ್ದ ಗಂಡನ ಮೇಲೆ ನನಗೆ ಮರುಕವಾಗಿ ಒಮ್ಮೆ ಹೇಳಿದೆ: "ಮೀನಿಗೆ ಇನ್ನೊಂದು ಸ್ಟ್ಯಾಂಡ ಮಾಡ್ರಿ. ಮರ ಇನ್ನೂ ಉಳದದ."

"ಮೀನು ಆ ಇನ್ನೊಂದರ ಮ್ಯಾಲ ಕೂತ್ರ ಇದಕ್ಕ ಏನಂತಾರ?" ಎಂದು ಕೇಳಿದರು. "ಬಾಕ ಅಂತಾರ. ಅಕ್ಕ ಇಳದುಬಿಡತಾಳ."

ಹಾಗಾಗಿ ನಮ್ಮ ಮನೆಗೆ ಮೀನು ಯಾವಾಗಲೂ ಬರುವುದರಲ್ಲಿತ್ತು, ಎಂದೂ ಬರಲಿಲ್ಲ. ಓಣಿಯ ಹಿರಿಯರು ಮೂಗು ಮುರಿದು, "ಕಾಶೀಬಾಯಿ, ಇದೇನು ಬಾಕಿನ ಮ್ಯಾಲ?" ಎಂದರೆ ಆಕೆ ಕೂತಲ್ಲಿಂದಲೇ ಉತ್ತರಿಸುತ್ತಿದ್ದಳು: "ಬಾಕ ಎಲ್ಲೆದರಿ? ಮೀನಿಂದು ಇದು. ಮೀನು ಇನ್ನೂ ಬಂದಿಲ್ಲ." ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಆಕೆಗೆ ತಮ್ಮನ ಉಪಾಯ ತಿಳಿದಿತ್ತೋ ಇಲ್ಲವೋ ಎಂದು ನಾವಿಬ್ಬರೂ ಎಷ್ಟೋ ಸಲ ಪಿಸುಗುಟ್ಟಿಕೊಂಡದ್ದುಂಟು.

ಯುದ್ಧ ಮುಗಿದ ವರ್ಷ ಆಕೆಗೆ ಜ್ವರ ಬಂತು. ಈ ಸಲ ಹಿಡಿದದ್ದು ಮೊಣಕಾಲಲ್ಲ, ಎದೆ. ಕಂಬಳಿಯ ಮೇಲೆ ಮಲಗಿದ್ದವಳು ಒಂದು ಮಧ್ಯಾಹ್ನ ತಮ್ಮನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡಳು.

"ತ್ರ್ಯಂಬಕಾ, ಭಾಳ ವರ್ಷ ತಡದೀಯೋ. ಇನ್ನರೆ ಮೀನು ತಾ."

"ಮೀನಿಗೇನು ಅವಸರ ಅಕ್ಕಾ? ನಾಳೆ ಸಂಜೀಕ ನೀ ಕೂಡೂದದ" ಎಂದರು ನಮ್ಮವರು. ಆಕೆ ನಕ್ಕಳು. ಎರಡು ದಿನ ಬಿಟ್ಟು ತೀರಿಕೊಂಡಳು.

ವರ್ಷಾಂತಿಕ ಮುಗಿದ ಮೇಲೆ ಬೆಂಜಮಿನ್ ಮಾಸ್ತರರೇ ಕೂಲಿಯವನ ತಲೆಯ ಮೇಲೆ ತೊಟ್ಟಿ ಹೊರಿಸಿಕೊಂಡು ಬಂದರು. ಕೆಲಗೇರಿ ಕೆರೆಯಿಂದ ನಾಲ್ಕು ಮೀನನ್ನೂ ಹಿಡಿಸಿ ತಂದಿದ್ದರು. ನಾನು ಸ್ಟ್ಯಾಂಡನ್ನು ಒರೆಸಲು ಬಟ್ಟೆ ತಂದೆ. ನಮ್ಮವರು ನನ್ನ ಕೈ ಹಿಡಿದು ತಡೆದರು.

"ತಿರುಗಿ ಒಯ್ರಿ, ಮಾಸ್ತರ," ಎಂದರು. "ಜಾಗಾ ಖಾಲಿ ಇಲ್ಲ."